ಅಪ್ಪನ ಹೆಸರು, ಅಮ್ಮನ ಬಳಗ: ಘಾನಾದ ಅಕಾನ್ ಜನರ ಕುಟುಂಬದ ಲೆಕ್ಕ

ಘಾನಾದ ಕುಮಾಸಿ ನಗರದ ಆಸುಪಾಸಿನ ಹಳ್ಳಿಯೊಂದರಲ್ಲಿ ಕೋಕೋ ಬೆಳೆಗಾರನೊಬ್ಬ ತೀರಿಕೊಂಡ ಅಂತ ಇಟ್ಟುಕೊಳ್ಳೋಣ. ಹೆಂಡತಿ ಇದ್ದಾಳೆ, ನಾಲ್ಕು ಮಕ್ಕಳಿದ್ದಾರೆ. ಸ್ವಂತ ದುಡಿಮೆಯ ತೋಟವಿದೆ, ಕಟ್ಟಿಸಿದ ಮನೆಯಿದೆ. ವಿಲ್ ಬರೆದಿಟ್ಟಿಲ್ಲ. ಈಗ ಇದೆಲ್ಲ ಯಾರಿಗೆ ಸೇರಬೇಕು?

ಅಲ್ಲಿನ ಹಳೆಯ ಕಟ್ಟಳೆಯ ಪ್ರಕಾರ ಮಕ್ಕಳಿಗೂ ಅಲ್ಲ, ಹೆಂಡತಿಗೂ ಅಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ತಮ್ಮನಿಗೆ ಹೋಗಬೇಕು. ತಮ್ಮನಿಲ್ಲದಿದ್ದರೆ ಅಕ್ಕ ಅಥವಾ ತಂಗಿಯ ಮಗನಿಗೆ.

ಮೊದಲ ಸಲ ಕೇಳಿದವರಿಗೆ ಇದು ಶುದ್ಧ ಅನ್ಯಾಯ ಅನ್ನಿಸುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಮಾತ್ರ ಅಷ್ಟೊಂದು ಅಚ್ಚರಿ ಆಗಲಿಕ್ಕಿಲ್ಲ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಇದ್ದ ಅಳಿಯಸಂತಾನ ಕಟ್ಟು ಕೂಡ ಇದೇ ತತ್ವದ ಮೇಲೆ ನಿಂತದ್ದು. ಎರಡರ ನಡುವೆ ಚರಿತ್ರೆಯ ನಂಟೇನೂ ಇಲ್ಲ. ಎರಡು ಊರಿನ ಜನ ಒಂದೇ ಪ್ರಶ್ನೆಗೆ ತಮ್ಮಷ್ಟಕ್ಕೆ ತಾವೇ ಒಂದೇ ಥರದ ಉತ್ತರ ಕಂಡುಕೊಂಡರು, ಅಷ್ಟೆ. ತುಳುನಾಡಿನಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಮಟ್ಟಿಗೆ ಆ ಪದ್ಧತಿ ಹಿಂದೆ ಸರಿಯಿತು. ಘಾನಾದಲ್ಲಿ ಹಾಗಾಗಲಿಲ್ಲ. ಇವತ್ತಿಗೂ ಅಲ್ಲಿ ರಾಜ ಯಾರಾಗಬೇಕು, ಹೆಣ ಎಲ್ಲಿ ಮಣ್ಣಾಗಬೇಕು, ತೋಟ ಯಾರ ಪಾಲಿಗೆ ಅನ್ನುವ ಮಾತು ಬಂದಾಗ ಅಮ್ಮನ ಕಡೆಯ ಬಳಗದ ದನಿಯೇ ದೊಡ್ಡದು.

ಘಾನಾ ಅಂದರೆ ಪಶ್ಚಿಮ ಆಫ್ರಿಕಾದ ಕರಾವಳಿಯ ದೇಶ. ಬ್ರಿಟಿಷರ ಕಾಲದಲ್ಲಿ ಅದರ ಹೆಸರು ಗೋಲ್ಡ್ ಕೋಸ್ಟ್. 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. ಅಲ್ಲಿ ಹತ್ತಾರು ಸಮುದಾಯಗಳಿವೆ. ದೊಡ್ಡ ಗುಂಪು ಅಕಾನರದು, ದೇಶದ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು. ಅಸಾಂಟೆ, ಫಾಂಟೆ, ಅಚೆಮ್, ಬೊನೊ ಇವರೆಲ್ಲ ಅಕಾನರೇ. ದೇಶದ ಎಲ್ಲರೂ ತಾಯಿಯ ಕಡೆಯಿಂದ ಲೆಕ್ಕ ಹಾಕುವವರಲ್ಲ. ಪೂರ್ವದ ಎವೆ ಜನ, ಉತ್ತರದ ದಗೊಂಬಾ ಜನ ತಂದೆಯ ಕಡೆಯಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ‘ಘಾನಾದ ಪದ್ಧತಿ’ ಅಂತ ಒಂದೇ ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅಕಾನರ, ಅದರಲ್ಲೂ ಮುಖ್ಯವಾಗಿ ಅಸಾಂಟೆಗಳ ವಿಷಯ.

ಅಕಾನರ ನಂಬಿಕೆಯಲ್ಲಿ ಒಬ್ಬ ಮನುಷ್ಯ ಆಗುವುದಕ್ಕೆ ಮೂರು ಕಡೆಯಿಂದ ಕೊಡುಗೆ ಬೇಕು. ರಕ್ತ ತಾಯಿಯಿಂದ ಬರುತ್ತದೆ. ಸ್ವಭಾವ, ಚೈತನ್ಯ ತಂದೆಯಿಂದ. ಜೀವದ ಕಿಡಿ ನ್ಯಾಮೆ ಎಂಬ ದೇವರಿಂದ. ಈ ಮೂರರಲ್ಲಿ ‘ನೀನು ಯಾರವನು’ ಎಂಬುದನ್ನು ತೀರ್ಮಾನಿಸುವುದು ರಕ್ತ. ಒಬ್ಬ ಅಜ್ಜಿಯಿಂದ ಅಥವಾ ಮುತ್ತಜ್ಜಿಯಿಂದ ಹೆಣ್ಣುಮಕ್ಕಳ ಮೂಲಕವೇ ಇಳಿದು ಬಂದವರೆಲ್ಲ ಸೇರಿ ಒಂದು ಬಳಗ. ಅದನ್ನು ಅಬುಸುವಾ ಅನ್ನುತ್ತಾರೆ. ಇಂಥ ಬಳಗಗಳೆಲ್ಲ ಸೇರಿ ದೊಡ್ಡ ಕುಲಗಳು. ಅಸಾಂಟೆಗಳಲ್ಲಿ ಒಯೊಕೊ, ಬ್ರೆಟುವೊ, ಅಸೊನಾ, ಅಗೊನಾ ಹೀಗೆ ಒಟ್ಟು ಎಂಟು ಕುಲಗಳಿವೆ. ಒಂದೇ ಕುಲದವರು ಮದುವೆ ಆಗುವ ಹಾಗಿಲ್ಲ, ತುಳುನಾಡಿನಲ್ಲಿ ಒಂದೇ ಬಳಿಯವರು (ತಾಯಿ ಕಡೆಯ ಕುಲದವರು) ಆಗದ ಹಾಗೆ.

ಈಗ ಮತ್ತೆ ಆ ಬೆಳೆಗಾರನ ಮನೆಗೆ ಬನ್ನಿ. ಅವನದು ಅವನ ಅಮ್ಮನ ಬಳಗ. ಹೆಂಡತಿಯದು ಅವಳ ಅಮ್ಮನ ಬಳಗ. ಮಕ್ಕಳು ತಾಯಿಯ ಕಡೆಯವರು. ಅಂದರೆ ಒಂದೇ ಸೂರಿನ ಕೆಳಗೆ ಅಪ್ಪ ಒಬ್ಬನೇ ಬೇರೆ ಬಳಗದವನು! ಅವನ ಸ್ವತ್ತು ಮಕ್ಕಳಿಗೆ ಹೋದರೆ ಇನ್ನೊಂದು ಬಳಗಕ್ಕೆ ಹೋದ ಹಾಗೆ. ತಮ್ಮನಿಗೋ ಅಕ್ಕನ ಮಗನಿಗೋ ಹೋದರೆ ಬಳಗದೊಳಗೇ ಉಳಿದ ಹಾಗೆ. ಹೀಗೆ ಯೋಚಿಸಿದಾಗ ಆ ಕಟ್ಟಳೆಗೆ ಒಂದು ತರ್ಕ ಕಾಣುತ್ತದೆ.

ಮದುವೆಯ ವಿಷಯದಲ್ಲಿ ಕನ್ನಡದವರಿಗೆ ಕುತೂಹಲ ಹುಟ್ಟಿಸುವ ಸಂಗತಿ ಒಂದಿದೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು ಹಳೆಯ ಅಸಾಂಟೆಗಳಲ್ಲಿ ಒಳ್ಳೆಯ ಸಂಬಂಧ ಅನ್ನಿಸಿಕೊಳ್ಳುತ್ತಿತ್ತು. ಆದರೆ ಅಕ್ಕನ ಮಗಳನ್ನು ಮದುವೆಯಾಗುವ ಮಾತೇ ಇಲ್ಲ. ಅವಳು ಒಂದೇ ರಕ್ತ, ಮಗಳಿದ್ದ ಹಾಗೆ.

ಇಷ್ಟು ಕೇಳಿದರೆ ಅಪ್ಪ ಅನ್ನುವವನಿಗೆ ಏನೂ ಬೆಲೆಯಿಲ್ಲ ಅನ್ನಿಸಬಹುದು. ಹಾಗಿಲ್ಲ. ಹೆಸರಿಡುವ ಹಕ್ಕು ಅಪ್ಪನದೇ. ಮಗು ಹುಟ್ಟಿದ ಎಂಟನೆಯ ದಿನ ಬೆಳಗಿನ ಜಾವ ಅದನ್ನು ಹೊರಗೆ ತರುತ್ತಾರೆ. ನಾಲಿಗೆಗೆ ಒಂದು ಹನಿ ನೀರು, ಒಂದು ಹನಿ ಮದ್ಯ ಮುಟ್ಟಿಸುತ್ತಾರೆ. ನೀರನ್ನು ನೀರು ಅನ್ನು, ಮದ್ಯವನ್ನು ಮದ್ಯ ಅನ್ನು ಎಂದು ಹೇಳುತ್ತಾರೆ. ನಿಜ ಯಾವುದು, ಸುಳ್ಳು ಯಾವುದು ಅಂತ ಗುರುತಿಸಿ ಬದುಕಲಿ ಎಂಬ ಹಾರೈಕೆ ಅದು. ಆಮೇಲೆ ಅಪ್ಪ ತಾನು ಗೌರವಿಸುವ ಹಿರಿಯರೊಬ್ಬರ ಹೆಸರನ್ನು ಮಗುವಿಗೆ ಇಡುತ್ತಾನೆ.

ಇದಲ್ಲದೆ ಯಾರನ್ನೂ ಕೇಳದೆ ತಾನಾಗಿ ಬರುವ ಒಂದು ಹೆಸರೂ ಇದೆ. ಹುಟ್ಟಿದ ವಾರದ ಹೆಸರು. ಶನಿವಾರ ಹುಟ್ಟಿದ ಗಂಡು ಕ್ವಾಮೆ, ಹೆಣ್ಣು ಅಮಾ. ಶುಕ್ರವಾರ ಕೋಫಿ, ಅಫಿಯಾ. ಭಾನುವಾರ ಕ್ವಾಸಿ, ಅಕೊಸುವಾ. ದೇಶದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ, ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ ವಾರ ಯಾವುದು ಅಂತ ಈಗ ನೀವೇ ಹೇಳಬಹುದು. ಈ ವಾರದ ಹೆಸರು ಅಕಾನರನ್ನು ದಾಟಿ ಬೇರೆ ಸಮುದಾಯಗಳಲ್ಲೂ ಹರಡಿದೆ.

ಇನ್ನು ಗಂಡಹೆಂಡತಿ ಒಂದೇ ಮನೆಯಲ್ಲಿ ಇರಲೇಬೇಕು ಎಂಬ ನಿಯಮವೂ ಅಲ್ಲಿ ಗಟ್ಟಿಯಾಗಿರಲಿಲ್ಲ. 1940ರ ದಶಕದಲ್ಲಿ ಅಸಾಂಟೆ ಊರುಗಳಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮೇಯರ್ ಫೋರ್ಟಿಸ್ ಸಂಜೆಯ ಹೊತ್ತಿನ ಒಂದು ನೋಟವನ್ನು ಬರೆದಿಟ್ಟಿದ್ದಾರೆ. ಮಕ್ಕಳು ಅಮ್ಮ ಬೇಯಿಸಿದ ಅಡುಗೆಯ ಪಾತ್ರೆ ಹೊತ್ತುಕೊಂಡು ಅಪ್ಪ ಇರುವ ಮನೆಗೆ ಹೋಗುತ್ತಾರೆ. ಹೆಂಡತಿ ತನ್ನ ತಾಯಿಯ ಮನೆಯಲ್ಲಿ, ಗಂಡ ತನ್ನ ತಾಯಿಯ ಅಥವಾ ಅಕ್ಕನ ಮನೆಯಲ್ಲಿ, ನಡುವೆ ಬೀದಿಯಲ್ಲಿ ಓಡಾಡುವ ಊಟ. ನಗರಗಳಲ್ಲಿ ಈಗ ಇದು ಕಡಿಮೆ. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಇರುತ್ತಾರೆ. ಇಡೀ ಜಗಳ ಶುರುವಾಗುವುದೂ ಅಲ್ಲೇ. ಬದುಕು ಪುಟ್ಟ ಮನೆಯೊಳಗೆ ಬಂದಿದೆ, ಹಕ್ಕು ದೊಡ್ಡ ಬಳಗದಲ್ಲೇ ಉಳಿದಿದೆ.

ಅದಕ್ಕೆ ಹೋಗುವ ಮುಂಚೆ ಅರಮನೆಯನ್ನು ಒಮ್ಮೆ ನೋಡಿಬಿಡೋಣ. ತಾಯಿಯ ಕಡೆಯಿಂದ ಲೆಕ್ಕ ಅಂದ ಕೂಡಲೇ ‘ಹಾಗಾದರೆ ಅಲ್ಲಿ ಹೆಂಗಸರದ್ದೇ ಆಳ್ವಿಕೆ’ ಅಂತ ಅಂದುಕೊಳ್ಳುವವರು ಜಾಸ್ತಿ. ಅದು ಪೂರ್ತಿ ನಿಜವಲ್ಲ. ಪಟ್ಟದ ಮೇಲೆ ಸಾಮಾನ್ಯವಾಗಿ ಕೂರುವವನು ಗಂಡಸೇ. ಬಳಗದ ಯಜಮಾನನೂ ಹೆಚ್ಚಾಗಿ ಗಂಡಸೇ. ಆದರೆ ಯಾವ ಗಂಡಸು ಅನ್ನುವುದು ಹೆಂಗಸರ ಮೂಲಕ ನಿರ್ಧಾರವಾಗುತ್ತದೆ. ಪ್ರತಿ ರಾಜನ ಪಕ್ಕದಲ್ಲಿ ಒಬ್ಬ ರಾಜಮಾತೆ ಇರುತ್ತಾಳೆ. ಅವಳು ರಾಜನ ಹೆಂಡತಿ ಅಲ್ಲವೇ ಅಲ್ಲ. ತಾಯಿ, ಅಕ್ಕ, ತಂಗಿ, ಚಿಕ್ಕಮ್ಮ, ಹೀಗೆ ಅದೇ ರಕ್ತದವಳು. ಪಟ್ಟ ಖಾಲಿಯಾದಾಗ ಮುಂದಿನ ರಾಜನ ಹೆಸರು ಸೂಚಿಸುವ ಅಧಿಕಾರ ಅವಳದು. ಹಿರಿಯರು ಒಪ್ಪಬೇಕು ನಿಜ, ಆದರೆ ಮೊದಲ ಮಾತು ಅವಳದೇ. 1999ರಲ್ಲಿ ಅಸಾಂಟೆಗಳ ಈಗಿನ ದೊರೆ ಎರಡನೇ ಒಸೆಯಿ ಟುಟು ಪಟ್ಟಕ್ಕೆ ಬಂದಾಗ ರಾಜಮಾತೆಯಾಗಿದ್ದವರು ಅವರ ತಾಯಿಯೇ, ಅಫಿಯಾ ಕೋಬಿ ಸೆರ್ವಾ ಆಂಪೆಮ್. 2016ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದದ್ದು ಆಕೆಯ ಮಗಳು. ರಾಜನ ಸ್ವಂತ ಮಗನಿಗೆ ಪಟ್ಟದ ಮೇಲೆ ಹಕ್ಕಿಲ್ಲ, ಅವನ ತಾಯಿ ರಾಜಬಳಗದವಳಲ್ಲದಿದ್ದರೆ.

ಈ ಪಟ್ಟದ ಸಂಕೇತ ಒಂದು ಬಂಗಾರದ ಪೀಠ. ಪುರೋಹಿತ ಒಕೊಂಫೊ ಅನೊಚೆ ಅದನ್ನು ಆಕಾಶದಿಂದ ಇಳಿಸಿದ ಎಂಬುದು ಐತಿಹ್ಯ. ಸುಮಾರು 1700ರ ಹೊತ್ತಿಗೆ ಮೊದಲನೇ ಒಸೆಯಿ ಟುಟು ಅಸಾಂಟೆ ರಾಜ್ಯವನ್ನು ಕಟ್ಟಿದ ಕಾಲದ ಕಥೆ ಅದು. ಪೀಠ ಬಂದದ್ದು ಶುಕ್ರವಾರವಂತೆ. ಹಾಗಾಗಿ ಅದಕ್ಕೂ ಕೋಫಿ ಎಂಬ ವಾರದ ಹೆಸರಿದೆ! ಇಡೀ ಜನಾಂಗದ ಚೈತನ್ಯ ಅದರೊಳಗಿದೆ ಎಂಬ ನಂಬಿಕೆ. ಅದರ ಮೇಲೆ ಯಾರೂ ಕೂರುವುದಿಲ್ಲ, ರಾಜನೂ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಫ್ರೆಡ್ರಿಕ್ ಹಾಡ್ಜ್‌ಸನ್ ಕುಮಾಸಿಗೆ ಬಂದು, ಆ ಪೀಠವನ್ನು ನನಗೇಕೆ ಕೂರಲು ಕೊಡಲಿಲ್ಲ ಅಂತ ಕೇಳಿದ. ದೊರೆ ಪ್ರೆಂಪೆಯನ್ನು ಬ್ರಿಟಿಷರು ಆಗಲೇ ಹಿಡಿದು ಗಡೀಪಾರು ಮಾಡಿದ್ದರು. ಆ ಹೊತ್ತಿಗೆ ಯುದ್ಧಕ್ಕೆ ನಿಂತವಳು ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ. ಯುದ್ಧ ಸೋತರೂ ಪೀಠ ಬ್ರಿಟಿಷರ ಕೈಗೆ ಸಿಗಲಿಲ್ಲ. ಅವಳನ್ನು ಸೇಷೆಲ್ಸ್ ದ್ವೀಪಕ್ಕೆ ಕಳಿಸಿದರು, ಅಲ್ಲೇ 1921ರಲ್ಲಿ ತೀರಿಕೊಂಡಳು.

ರಾಜರ ವಿಷಯದಲ್ಲಿ ಈ ಕಟ್ಟು ಚೆನ್ನಾಗಿಯೇ ನಡೆದುಕೊಂಡು ಬಂದಿದೆ. ತೊಡಕು ಬಂದದ್ದು ಸಾಮಾನ್ಯ ಜನರ ಆಸ್ತಿಯಲ್ಲಿ. ಅದಕ್ಕೆ ದೊಡ್ಡ ಕಾರಣ ಕೋಕೋ ಅಂತ ನನಗನ್ನಿಸುತ್ತದೆ.

ಮೊದಲು ಕೃಷಿ ಅಂದರೆ ಗೆಣಸು, ಬಾಳೆಯಂಥ ಬೆಳೆ. ಭೂಮಿ ಬಳಗದ್ದು, ಉಳುವವರು ಬೆಳೆದುಕೊಂಡು ತಿನ್ನುತ್ತಿದ್ದರು. ಸತ್ತಾಗ ಹಂಚಿಕೊಳ್ಳಲು ಹೆಚ್ಚೇನೂ ಇರುತ್ತಿರಲಿಲ್ಲ. 1879ರಲ್ಲಿ ಟೆಟೆ ಕ್ವಾರ್ಶಿ ಎಂಬ ಕಮ್ಮಾರ ಫರ್ನಾಂಡೊ ಪೊ ದ್ವೀಪದಿಂದ ಕೋಕೋ ಬೀಜ ತಂದು ಮಾಂಪಾಂಗ್ ಎಂಬ ಊರಲ್ಲಿ ಬಿತ್ತಿದ. ಕೆಲವೇ ದಶಕಗಳಲ್ಲಿ ಗೋಲ್ಡ್ ಕೋಸ್ಟ್ ಜಗತ್ತಿನ ಅತಿ ದೊಡ್ಡ ಕೋಕೋ ಬೆಳೆಗಾರ ದೇಶವಾಯಿತು. ಈಗಲೂ ಐವರಿ ಕೋಸ್ಟ್ ಜೊತೆಗೆ ಮುಂಚೂಣಿಯಲ್ಲಿದೆ.

ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಹಾಕಿದವರಿಗೆ ಇದರ ಕೆಲಸ ಗೊತ್ತಿರುತ್ತದೆ. ಗಿಡ ಫಲಕ್ಕೆ ಬರಲು ಮೂರ್ನಾಲ್ಕು ವರ್ಷ ಬೇಕು. ಆಮೇಲೆ ದಶಕಗಟ್ಟಲೆ ಕಾಯಿ ಕೊಡುತ್ತದೆ. ಘಾನಾದಲ್ಲಿ ಕಳೆ ತೆಗೆಯುವುದು, ಕಾಯಿ ಒಡೆಯುವುದು, ಬೀಜವನ್ನು ಬಾಳೆಲೆಯಲ್ಲಿ ಮುಚ್ಚಿ ಆರೇಳು ದಿನ ಹುಳಿ ಬರಿಸುವುದು, ಬಿಸಿಲಿಗೆ ಒಣಗಿಸುವುದು ಇವೆಲ್ಲ ಹೆಚ್ಚಾಗಿ ಮನೆಯವರೇ ಮಾಡುವ ಕೆಲಸ. ಅಂದರೆ ಹೆಂಡತಿ, ಮಕ್ಕಳು. ಹೀಗೆ ಇಪ್ಪತ್ತು ಮೂವತ್ತು ವರ್ಷ ಅವರು ಬೆವರು ಸುರಿಸಿದ ತೋಟಕ್ಕೆ, ಗಂಡ ಸತ್ತ ಮರುದಿನ ಪೇಟೆಯಿಂದ ಸೋದರಳಿಯ ಬಂದು ಯಜಮಾನನಾಗುತ್ತಾನೆ. ಅವನು ಒಳ್ಳೆಯವನಾದರೆ ಮಾವನ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಕಟ್ಟಳೆ ಕೂಡ ಹಾಗೇ ಹೇಳುತ್ತದೆ, ಆಸ್ತಿಯ ಜೊತೆ ಹೊಣೆಯೂ ಬರುತ್ತದೆ. ಆದರೆ ಎಲ್ಲ ಅಳಿಯಂದಿರೂ ಒಳ್ಳೆಯವರೇ ಆಗಿರುವುದಿಲ್ಲವಲ್ಲ.

ಈ ಜಗಳ ಮೊದಲು ಕಣ್ಣಿಗೆ ಬೀಳುವ ಜಾಗ ಶವಸಂಸ್ಕಾರ. ಘಾನಾದಲ್ಲಿ ಸಾವು ದೊಡ್ಡ ಸಾಮಾಜಿಕ ಸಂದರ್ಭ. ಸತ್ತವರ ಫೋಟೋ ಇರುವ ಪೋಸ್ಟರುಗಳು ಗೋಡೆಗಳ ಮೇಲೆ, ಕಂಬಗಳ ಮೇಲೆ ಕಾಣಿಸುತ್ತವೆ. ಹೆಣವನ್ನು ಶವಾಗಾರದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಡುತ್ತಾರೆ. ಹೊರದೇಶದಲ್ಲಿರುವವರು ಬರಬೇಕು, ಮನೆಗೆ ಬಣ್ಣ ಹೊಡೆಸಬೇಕು, ದುಡ್ಡು ಕೂಡಬೇಕು. ಶನಿವಾರ ಬಂತೆಂದರೆ ದಕ್ಷಿಣ ಘಾನಾದ ರಸ್ತೆಗಳಲ್ಲಿ ಕಪ್ಪು, ಕೆಂಪು ಬಟ್ಟೆ ತೊಟ್ಟವರದೇ ಓಡಾಟ. ತುಂಬು ಬಾಳು ಬದುಕಿದವರಿಗೆ ಬಿಳಿ ಬಟ್ಟೆಯೂ ಉಂಟು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಧ್ವನಿವರ್ಧಕ, ಕುಣಿತ ಎಲ್ಲ ಇರುತ್ತವೆ. ಬಂದವರು ಕೊಟ್ಟ ಕಾಣಿಕೆಯನ್ನು ಬರೆದುಕೊಳ್ಳುತ್ತಾರೆ, ಮೈಕಿನಲ್ಲಿ ಹೇಳುತ್ತಾರೆ, ರಸೀದಿ ಕೊಡುವುದೂ ಇದೆ. ಕಾಣಿಕೆಗಿಂತ ಖರ್ಚು ಹೆಚ್ಚಾದರೆ ಸಾಲವನ್ನು ಬಳಗದ ದೊಡ್ಡವರೆಲ್ಲ ಹಂಚಿಕೊಳ್ಳಬೇಕು. (ಮೀನು, ವಿಮಾನ, ಬೆಂಜ್ ಕಾರಿನ ಆಕಾರದ ಶವಪೆಟ್ಟಿಗೆಗಳ ಚಿತ್ರ ನೀವು ನೋಡಿರಬಹುದು. ಅದು ಅಕ್ರಾ ಕಡೆಯ ಗಾ ಜನರ ಕಲೆ, ಅಸಾಂಟೆಗಳದ್ದಲ್ಲ.)

ಹೆಣ ಯಾರದ್ದು? ಬಳಗದ್ದು. ಯಾವಾಗ ಹೂಳಬೇಕು, ಎಲ್ಲಿ ಹೂಳಬೇಕು ಅಂತ ತೀರ್ಮಾನಿಸುವವರು ಸತ್ತವನ ತಾಯಿ ಕಡೆಯವರು. ನಲವತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿಯ ಒಪ್ಪಿಗೆಯೇನೂ ಅದಕ್ಕೆ ಬೇಕಿಲ್ಲ. ಅಪ್ಪನ ಶವಪೆಟ್ಟಿಗೆ ಕೊಡಿಸುವ ಕರ್ತವ್ಯ ಮಾತ್ರ ಮಕ್ಕಳದು. ಹೆಣದ ಹಕ್ಕಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ಮನೆಗಳೂ ಇವೆ. ಅಕಾನರಲ್ಲೇ ಒಂದು ಗಾದೆಯಿದೆ: ಬಳಗಕ್ಕೆ ಹೆಣ ಕಂಡರೆ ಬಲು ಪ್ರೀತಿ. ಬದುಕಿದ್ದಾಗ ಔಷಧಿಗೆ ದುಡ್ಡು ಕೊಡದವರು ಸತ್ತ ಮೇಲೆ ಮೆರವಣಿಗೆ ಮಾಡುತ್ತಾರೆ ಎಂಬ ಚುಚ್ಚು ಅದರಲ್ಲಿದೆ. ತಮ್ಮ ಪದ್ಧತಿಯನ್ನು ತಾವೇ ಇಷ್ಟು ಖಾರವಾಗಿ ಆಡಿಕೊಳ್ಳುವ ಜನರನ್ನು ಹೊರಗಿನವರು ಪ್ರತ್ಯೇಕವಾಗಿ ಟೀಕಿಸಬೇಕಾಗಿಲ್ಲ.

1985ರಲ್ಲಿ ಸರ್ಕಾರ ನಡುವೆ ಬಂತು. ಆಗ ಜೆರ್ರಿ ರಾಲಿಂಗ್ಸ್ ನೇತೃತ್ವದ ಪಿಎನ್‌ಡಿಸಿ ಎಂಬ ಸೇನಾ ಸರ್ಕಾರವಿತ್ತು. ವಿಲ್ ಇಲ್ಲದೆ ಸತ್ತವರ ಆಸ್ತಿಗೆ ಅದು 111ನೇ ಕಾನೂನು ತಂದಿತು. ಜನ ಅದನ್ನು ನಂಬರಿನಿಂದಲೇ ಕರೆಯುತ್ತಾರೆ. ಅದರ ಲೆಕ್ಕ ಹೀಗಿದೆ. ಮನೆಬಳಕೆಯ ಸಾಮಾನೆಲ್ಲ ಹೆಂಡತಿ ಅಥವಾ ಗಂಡನಿಗೆ ಮತ್ತು ಮಕ್ಕಳಿಗೆ. ಮನೆ ಒಂದೇ ಇದ್ದರೆ ಅದೂ ಅವರಿಗೆ. ಹೆಚ್ಚು ಮನೆಗಳಿದ್ದರೆ ಒಂದನ್ನು ಅವರೇ ಆರಿಸಿಕೊಳ್ಳಬಹುದು. ಉಳಿದದ್ದನ್ನು ಹದಿನಾರು ಪಾಲು ಮಾಡಬೇಕು. 3 ಪಾಲು ಹೆಂಡತಿಗೆ, 9 ಪಾಲು ಮಕ್ಕಳಿಗೆ, 2 ಪಾಲು ಸತ್ತವನ ತಂದೆ ಅಥವಾ ತಾಯಿಗೆ, 2 ಪಾಲು ಹಳೆಯ ಕಟ್ಟಳೆಯಂತೆ. ಅಂದರೆ ಅಕಾನರಲ್ಲಿ ಬಳಗಕ್ಕೆ. ನಮ್ಮ ಬೆಳೆಗಾರ ಮನೆ ಬಿಟ್ಟು 16 ಲಕ್ಷ ಸೆಡಿ (ಘಾನಾದ ಹಣ) ಬೆಲೆಯ ತೋಟ ಬಿಟ್ಟುಹೋಗಿದ್ದರೆ, ಹೆಂಡತಿ ಮಕ್ಕಳಿಗೆ ಸೇರಿ 12 ಲಕ್ಷ. ಮೊದಲು ಪೂರ್ತಿ ಪಡೆಯುತ್ತಿದ್ದ ಬಳಗಕ್ಕೆ 2 ಲಕ್ಷ.

ಕೇಳಲು ಚೊಕ್ಕವಾಗಿದೆ, ಅಲ್ವಾ? ಜಾರಿಗೆ ತರುವುದು ಅಷ್ಟು ಸುಲಭವಿಲ್ಲ. ಈ ಕಾನೂನು ಅನ್ವಯಿಸುವುದು ಸ್ವಂತ ಸಂಪಾದನೆಗೆ ಮಾತ್ರ. ಬಳಗದ ಆಸ್ತಿಯನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಮೊದಲ ಜಗಳವೇ ‘ಇದು ಸ್ವಂತದ್ದೋ ಬಳಗದ್ದೋ’ ಎಂಬುದು. ಬಳಗದ ಜಾಗದಲ್ಲಿ ಸ್ವಂತ ದುಡ್ಡಿನಿಂದ ಕಟ್ಟಿದ ಮನೆ ಯಾವ ಲೆಕ್ಕಕ್ಕೆ? ಮಾವನಿಂದ ಬಂದ ತೋಟವನ್ನು ತಾನು ಎರಡರಷ್ಟು ಬೆಳೆಸಿದ್ದರೆ? ಇಬ್ಬರು ಹೆಂಡಿರಿದ್ದರೆ ಆ 3 ಪಾಲನ್ನೇ ಅವರು ಹಂಚಿಕೊಳ್ಳಬೇಕು. ಕಟ್ಟಳೆಯ ಮದುವೆಗೆ ಕಾಗದ ಇರುವುದಿಲ್ಲ. ‘ಇವಳು ಹೆಂಡತಿಯೇ ಅಲ್ಲ’ ಅಂದುಬಿಟ್ಟರೆ ಸಾಕ್ಷಿ ಹುಡುಕಬೇಕು.

ಇನ್ನೊಂದು ಮಾತನ್ನು ಈ ಕಾನೂನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಒಂದು ಮನೆಯ ಹೆಂಡತಿ ಇನ್ನೊಂದು ಮನೆಯ ಅಕ್ಕನೋ ತಂಗಿಯೋ ಆಗಿರುತ್ತಾಳೆ. ಗಂಡ ಸತ್ತಾಗ ಅವಳಿಗೆ ಸಿಗುವ ಪಾಲು ಹೆಚ್ಚಿತು, ಸರಿ. ಆದರೆ ಅವಳ ಅಣ್ಣ ಸತ್ತಾಗ ಅವಳ ಮಗನಿಗೆ ಬರಬೇಕಾಗಿದ್ದದ್ದು ಅತ್ತಿಗೆಯ ಪಾಲಾಯಿತು. ಮೊದಲು ಗಂಡನ ಮನೆ ಕೈಬಿಟ್ಟರೂ ಅಣ್ಣನ ಮನೆ ಅವಳದೇ ಆಗಿತ್ತು. ಮಕ್ಕಳ ಓದಿಗೆ ಸೋದರಮಾವನ ಮುಂದೆ ನಿಂತರೆ ಅದು ಬೇಡುವುದಾಗಿರಲಿಲ್ಲ, ಹಕ್ಕಾಗಿತ್ತು. ನಾಳೆ ಆಸ್ತಿ ಅಳಿಯನಿಗಲ್ಲ ಅಂತಾದ ಮೇಲೆ ಮಾವನಿಗೂ ಆ ಹೊಣೆ ಹಗುರವಾಗುವುದು ಸಹಜ. ವಿಧವೆಯನ್ನು ಮನೆಯಿಂದ ಹೊರಗೆ ಹಾಕುವುದನ್ನು ತಡೆಯಲು ಕಾನೂನು ಬೇಕೇ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೆಂಗಸರೆಲ್ಲ ಬರೀ ಗೆದ್ದರು ಅನ್ನುವುದು ಅರ್ಧ ಲೆಕ್ಕ.

ಜಾಣ ಅಪ್ಪಂದಿರು ಇದನ್ನೆಲ್ಲ ಸಾವಿನ ತನಕ ಬಿಡುವುದಿಲ್ಲ. 1971ರ ಕಾಯ್ದೆಯ ಪ್ರಕಾರ ವಿಲ್ ಬರೆಯಬಹುದು, ಪೇಟೆಯವರು ಬರೆಯುತ್ತಾರೆ ಕೂಡ. ಹಳ್ಳಿಗಳಲ್ಲಿ ಹಳೆಯ ದಾರಿಯೇ ಇದೆ. ಬದುಕಿರುವಾಗಲೇ ತೋಟದ ಒಂದು ಭಾಗವನ್ನು ಹೆಂಡತಿಗೋ ಮಕ್ಕಳಿಗೋ ಕೊಡುವುದು. ಅದು ಗುಟ್ಟಾಗಿ ನಡೆದರೆ ನಿಲ್ಲುವುದಿಲ್ಲ. ಬಳಗದವರನ್ನು ಕರೆಯಬೇಕು, ಸಾಕ್ಷಿಗಳು ಬೇಕು. ಪಡೆದವರು ಎಲ್ಲರೆದುರು ಅಸೆಡಾ ಎಂಬ ಕೃತಜ್ಞತೆಯ ಕಾಣಿಕೆ ಕೊಡಬೇಕು. ಸಾಮಾನ್ಯವಾಗಿ ಒಂದೆರಡು ಬಾಟಲಿ ಮದ್ಯ, ಕೆಲವೊಮ್ಮೆ ದುಡ್ಡು, ಕೆಲವೊಮ್ಮೆ ಕುರಿ. ಹಿರಿಯರು ಅದರಲ್ಲಿ ಸ್ವಲ್ಪವನ್ನು ಪೂರ್ವಿಕರ ಹೆಸರಲ್ಲಿ ನೆಲಕ್ಕೆ ಸುರಿದು, ಉಳಿದದ್ದನ್ನು ಹಂಚಿ ಕುಡಿಯುತ್ತಾರೆ. ಆ ಕಾಣಿಕೆಯನ್ನು ಒಪ್ಪಿಕೊಂಡ ಬಳಗದವರು ನಾಳೆ ‘ನಮಗೆ ಗೊತ್ತೇ ಇರಲಿಲ್ಲ’ ಅಂದರೆ ಊರಿನ ಹಿರಿಯರೂ ಕೇಳುವುದಿಲ್ಲ, ಕೋರ್ಟೂ ಸುಲಭಕ್ಕೆ ಕೇಳುವುದಿಲ್ಲ.